ಗೋಡೆಯ ಮೇಲಿನ ಕೆಂಪು ಕಂಬ

ಆ ವಾರ ಗೋಡೆಯ ಮೇಲಿನ ಕೆಂಪು ಕಂಬ ಬೆಳೆದದ್ದನ್ನು ನೋಡಿ ಇಡೀ ಆಫೀಸು ಖುಷಿಪಟ್ಟಿತು. ಖುಷಿಪಡದೆ ಏನು ಮಾಡೀತು ಹೇಳಿ! ಮ್ಯಾನೇಜರೇ ಹಲ್ಲು ಬಿಟ್ಟುಕೊಂಡು ನಿಂತಿರುವಾಗ ಕೆಳಗಿನವರು ಮುಖ ಗಂಟು ಹಾಕಿಕೊಂಡಿರಲು ಆಗುತ್ತದೆಯೇ?

ಕಂಬ ಇದ್ದದ್ದು ಒಂದು ಕಾಗದದ ಮೇಲೆ. ಕಾಗದ ಇದ್ದದ್ದು ಕುಡಿಯುವ ನೀರಿನ ಫಿಲ್ಟರಿನ ಪಕ್ಕ, ಬಾಯಾರಿದವರೆಲ್ಲ ನೋಡಿಯೇ ತೀರಬೇಕಾದ ಜಾಗದಲ್ಲಿ. ದಿನಾ ಬೆಳಗ್ಗೆ ಅದನ್ನು ಬದಲಾಯಿಸುವುದು ಅಂಚೆಯಮ್ಮನ ಕೆಲಸ. ಅವಳ ಹುದ್ದೆಗೆ ಉದ್ದದ ಇನ್ನೊಂದು ಹೆಸರಿತ್ತು. ಆದರೆ ಕಂಪನಿಯ ಮೇಲ್‌ಗಳನ್ನು ನೋಡಿಕೊಳ್ಳುವವಳು ಅಂತ ಯಾರೋ ಒಂದು ದಿನ ತಮಾಷೆಗೆ ಅಂಚೆಯಮ್ಮ ಅಂದರು, ಅದೇ ಅಂಟಿಕೊಂಡಿತು. ಮೂವತ್ತೂ ದಾಟದವಳಿಗೆ ಅಮ್ಮ ಅನ್ನುವುದೇನು ಅಂತ ಮೊದಮೊದಲು ಸಿಡುಕುತ್ತಿದ್ದಳು. ಆಮೇಲೆ ಓಗೊಡುವುದೇ ರೂಢಿಯಾಯಿತು.

ಕಂಪನಿಯದು ಕೋಲ್ಡ್ ಸ್ಟೋರೇಜ್. ಬಟಾಣಿ, ಮೀನು, ಹಣ್ಣು, ಯಾರು ಏನು ತಂದು ಇಟ್ಟರೂ ತಿಂಗಳುಗಟ್ಟಲೆ ಕೆಡದಂತೆ ಕಾಯುವ ದೊಡ್ಡ ದೊಡ್ಡ ಹಿಮದ ಕೋಣೆಗಳು. ಅಂಗಳದ ಒಂದು ತುದಿಗೆ ಆಫೀಸು, ಇನ್ನೊಂದು ತುದಿಗೆ ಮಷಿನ್ ರೂಮು. ಆ ಮಷಿನ್ ರೂಮಿನಿಂದಲೇ ಅಮೋನಿಯಾ ಗ್ಯಾಸು ಪೈಪಿನಲ್ಲಿ ಹೊರಟು, ಕೋಣೆಗಳನ್ನೆಲ್ಲ ತಣ್ಣಗೆ ಮಾಡಿ, ವಾಪಸು ಬರುತ್ತಿತ್ತು. ಪೈಪಿನೊಳಗೆ ಇರುವ ತನಕ ಅದು ಅನ್ನ ಹಾಕುವ ಗ್ಯಾಸು. ಹೊರಗೆ ಬಂತೋ, ಕಣ್ಣು, ಗಂಟಲು, ಶ್ವಾಸಕೋಶ, ಯಾವುದನ್ನೂ ಉಳಿಸುವುದಿಲ್ಲ.

ಕಾಗದದ ಮೇಲೆ ಮೂರು ಕಂಬಗಳು. ಹಸಿರು ಅಂದರೆ ಒಳಬಂದ ಮೇಲ್, ನೀಲಿ ಅಂದರೆ ಹೊರಹೋದ ಮೇಲ್, ಕೆಂಪು ಅಂದರೆ ತಡೆದ ಮೇಲ್. ತಡೆಯುವುದು ಮೇಲ್ ಗೇಟ್‌ವೇ. ಗೇಟ್‌ವೇ ಅಂದರೆ ಮಹಾ ಏನಲ್ಲ, ಒಬ್ಬ ಕಾವಲುಗಾರ ಅಂದುಕೊಳ್ಳಿ. ಹೊರಗಿನಿಂದ ಬರುವ ಪ್ರತಿ ಮೇಲಿನ ಮುಖ ನೋಡುತ್ತಾನೆ. ಸರಿ ಅನ್ನಿಸಿದರೆ ಒಳಗೆ ಬಿಡುತ್ತಾನೆ, ಅನುಮಾನ ಬಂದರೆ ಪಕ್ಕದ ಕೋಣೆಗೆ ತಳ್ಳಿ ಚಿಲಕ ಹಾಕುತ್ತಾನೆ. ಅವನನ್ನು ಲೆಕ್ಕ ಕೇಳುವುದಕ್ಕೆ ಒಂದು ಕಿಂಡಿ ಇದೆ, ಅದಕ್ಕೆ ಎಪಿಐ ಅನ್ನುತ್ತಾರೆ. ಕೆಲಸ ಬಿಟ್ಟು ಹೋದ ಕಂಪ್ಯೂಟರ್ ಎಂಜಿನಿಯರ್ ಆ ಕಿಂಡಿಗಾಗಿ ಒಂದು ಪುಟ್ಟ ಟೂಲ್ ಬರೆದಿಟ್ಟಿದ್ದ. ಕಪ್ಪು ತೆರೆಯ ಮೇಲೆ ಒಂದು ಸಾಲು ಹೊಡೆದು ಎಂಟರ್ ಒತ್ತಿದರೆ ಸಾಕು, ಗೇಟ್‌ವೇ ಅಂಕಿಗಳನ್ನು ಉದುರಿಸುತ್ತಿತ್ತು. ಬರೀ ಅಂಕಿ. ಯಾರು ಯಾರಿಗೆ ಏನು ಬರೆದರು ಅನ್ನುವುದೊಂದೂ ಅದರಲ್ಲಿ ಇರುತ್ತಿರಲಿಲ್ಲ.

ಆ ಅಂಕಿಗಳ ಮೇಲೆ ಮ್ಯಾನೇಜರ್‌ಗೆ ಇದ್ದ ಪ್ರೀತಿ ಹೆಂಡತಿ ಮಕ್ಕಳ ಮೇಲೆ ಇತ್ತೋ ಇಲ್ಲವೋ ದೇವರೇ ಬಲ್ಲ. ಅದಕ್ಕೊಂದು ಕಾರಣವೂ ಇತ್ತು. ಹೋದ ವರ್ಷ ಜಾಹೀರಾತಿನ ಮೇಲ್‌ಗಳು ಹುಚ್ಚು ಹೊಳೆಯಾಗಿ ನುಗ್ಗಿದ್ದವು. ಕೂದಲು ಬೆಳೆಸುವ ಎಣ್ಣೆ, ಹೊಟ್ಟೆ ಕರಗಿಸುವ ಮಾತ್ರೆ, ಒಂದೇ ಮೇಲ್ ನೂರು ಸಲ. ಬೋಳುತಲೆಯ ಮಾಲೀಕರಿಗೆ ಬೇರೆ ಏನೂ ಸಿಗದೆ ಎಣ್ಣೆಯದೇ ಸಿಕ್ಕಿತು. ಅವರು ಮ್ಯಾನೇಜರ್‌ಗೆ ಮಂಗಳಾರತಿ ಮಾಡಿದರು, ಮ್ಯಾನೇಜರ್ ಅಂಚೆಯಮ್ಮನಿಗೆ ಮಾಡಿದ. ಅವಳು ಅವತ್ತೇ ಕೂತು ಗೇಟ್‌ವೇಗೆ ಒಂದು ನಿಯಮ ಹಾಕಿದಳು: ಒಂದೇ ವಿಳಾಸದಿಂದ, ಒಂದೇ ಒಕ್ಕಣೆಯ ಮೇಲ್, ಒಂದೇ ಏಟಿಗೆ ಹತ್ತಕ್ಕಿಂತ ಹೆಚ್ಚು ಬಂದರೆ, ಅಷ್ಟನ್ನೂ ಹಿಡಿದು ಒಳಗೆ ಹಾಕು, ಒಂದನ್ನೂ ಬಿಡಬೇಡ. ಹೊಳೆ ನಿಂತಿತು. ಕೆಂಪು ಕಂಬ ಎದ್ದಿತು. ಅವತ್ತಿನಿಂದ ಕಂಬ ಎಷ್ಟು ಉದ್ದವೋ ಅಷ್ಟು ಭೇಷ್ ಅನ್ನುವುದು ಆಫೀಸಿನ ಪದ್ಧತಿಯಾಯಿತು.

ಆಗಾಗ ತಡೆದ ಮೇಲ್‌ಗಳ ಕೋಣೆಯ ಬಾಗಿಲು ತೆಗೆದು ಒಳಗೇನಿದೆ ಅಂತ ನೋಡುತ್ತಿರಿ ಎಂದು ಹಳೆಯ ಎಂಜಿನಿಯರ್ ಹೇಳಿ ಹೋಗಿದ್ದ. ಕಸದ ಬುಟ್ಟಿಗೆ ಕೈ ಹಾಕಿ ಕೂರುವ ಪುರುಸೊತ್ತು ಯಾರಿಗಿದೆ? ಅಂಚೆಯಮ್ಮ ಅಂಕಿ ತೆಗೆಯುತ್ತಿದ್ದಳು, ಬಣ್ಣ ತುಂಬುತ್ತಿದ್ದಳು, ಗೋಡೆಗೆ ಅಂಟಿಸುತ್ತಿದ್ದಳು. ಈಗ ಮೂರು ದಿನದಿಂದ ಕಂಬ ಬೆಳೆಯುತ್ತಲೇ ಇತ್ತು. ನಿನ್ನೆಯಂತೂ ಕಾಗದದ ಅಂಚಿಗೆ ತಲೆ ತಾಗಿಸಿತ್ತು. ಮ್ಯಾನೇಜರ್ ಎಲ್ಲರನ್ನೂ ಕರೆದು ನಿಲ್ಲಿಸಿ ಅವಳಿಗೆ ಚಪ್ಪಾಳೆ ತಟ್ಟಿಸಿದ. ಅವಳು ನಾಚಿಕೊಂಡಳು, ಒಳಗೊಳಗೇ ಹಿಗ್ಗಿದಳು. ಸುಳ್ಳೇಕೆ ಹೇಳಲಿ, ಮನೆಗೆ ಹೋಗಿ ಅತ್ತಿಗೆಯ ಮುಂದೆಯೂ ಕೊಚ್ಚಿಕೊಂಡಳು.

ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಅಣ್ಣ ಇದೇ ಕಂಪನಿಯ ಮಷಿನ್ ರೂಮಿನ ಮೇಸ್ತ್ರಿ. ಅಪ್ಪ ಹೋದಾಗ ಅವಳು ಇನ್ನೂ ಶಾಲೆಯ ಹುಡುಗಿ. ಓದಿಸಿದ್ದು ಅಣ್ಣ, ಕಂಪ್ಯೂಟರ್ ಕಲಿ ಅಂತ ಹಟ ಹಿಡಿದದ್ದು ಅಣ್ಣ, ಇಲ್ಲಿ ಕೆಲಸ ಖಾಲಿ ಇದೆ ಅಂತ ಗೊತ್ತಾದಾಗ ಮ್ಯಾನೇಜರ್ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತದ್ದೂ ಅಣ್ಣ. ಅವನಿಗೆ ಅವಳು ಇವತ್ತಿಗೂ ಪುಟ್ಟಿ.

ಅಣ್ಣನಿಗೆ ಎಲ್ಲ ಇತ್ತು, ಮೂಗೊಂದು ಇರಲಿಲ್ಲ. ಮುಖದ ಮೇಲೆ ಇತ್ತು, ನಾಲ್ಕು ಜನರದಕ್ಕಿಂತ ದೊಡ್ಡದಾಗಿಯೇ ಇತ್ತು, ಆದರೆ ಇಷ್ಟು ವರ್ಷ ಅಮೋನಿಯಾದ ಜೊತೆ ಬಾಳಿ ವಾಸನೆ ಹಿಡಿಯುವುದನ್ನು ಬಿಟ್ಟಿತ್ತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಅವನು ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದ. "ಇವರ ಮೂಗು ಕನ್ನಡಕ ಇಡೋಕೆ ಮಾತ್ರ" ಅನ್ನುತ್ತಿದ್ದಳು ಅತ್ತಿಗೆ. ಎಲ್ಲರೂ ನಗುತ್ತಿದ್ದರು. ಗ್ಯಾಸಿನ ನಡುವೆ ಕೆಲಸ ಮಾಡುವವನಿಗೆ ಮೂಗಿಲ್ಲ ಅನ್ನುವುದು ನಗುವ ಮಾತಲ್ಲ ಅಂತ ಯಾರಿಗೂ ಹೊಳೆಯಲಿಲ್ಲ.

ಮೊದಲೆಲ್ಲ ಮಷಿನ್ ರೂಮಿನ ಚಾವಣಿಯ ಮೇಲೆ ಒಂದು ಸೈರನ್ ಇತ್ತು. ಗ್ಯಾಸು ಸೋರಿದರೆ ಕೂಗುತ್ತಿತ್ತು, ಹವೆ ತೇವವಾದರೂ ಕೂಗುತ್ತಿತ್ತು. ಅಕ್ಕಪಕ್ಕದ ಬೀದಿಯವರು ಬಂದು ಜಗಳ ತೆಗೆದರು. ಮ್ಯಾನೇಜರ್ ಸೈರನ್ನಿನ ವೈರು ಕಿತ್ತು ಹಾಕಿಸಿ, ಗೋಡೆಗೊಂದು ಹೊಸ ಪೆಟ್ಟಿಗೆ ಕೂರಿಸಿದ. ಸೋರಿಕೆ ಕಂಡರೆ ಆ ಪೆಟ್ಟಿಗೆ ಗದ್ದಲವಿಲ್ಲದೆ ಮೇಲ್ ಕಳಿಸುತ್ತದೆ. ಮ್ಯಾನೇಜರ್‌ಗೆ ಒಂದು, ಮೇಸ್ತ್ರಿಗೆ ಒಂದು, ಅಂಚೆಯಮ್ಮನ ಮೇಜಿಗೆ ಒಂದು. ಕೂರಿಸಿದ ದಿನ ಪೆಟ್ಟಿಗೆಯವನು ಪರೀಕ್ಷೆಯ ಬಟನ್ ಒತ್ತಿದ. ಆ ಮೇಲ್ ಪೆಟ್ಟಿಗೆ ಮಾಡಿದ ಕಂಪನಿಯ ಯಂತ್ರವನ್ನೆಲ್ಲ ಸುತ್ತಿಕೊಂಡು, ಗೇಟ್‌ವೇ ದಾಟಿ, ಮೂವರಿಗೂ ಟಿಂಗ್ ಅಂತ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಣ್ಣ ಮಾತ್ರ ಅವಳ ಪಕ್ಕಕ್ಕೆ ಬಂದು ಕಣ್ಣು ಹೊಡೆದಿದ್ದ. "ಈಗ ಒಂದೇ ಸಲ ಟಿಂಗ್ ಅಂತು, ಅದು ಪರೀಕ್ಷೆ. ನಿಜವಾಗ್ಲೂ ಕೂಗೋವಾಗ ನೋಡು, ನಾನು ನೋಡೇ ಇಲ್ಲ ಅಂತ ಯಾರೂ ನುಣುಚಿಕೊಳ್ಳೋಕೆ ಆಗಲ್ಲ. ಪೆಟ್ಟಿಗೆಯವನ ಕಿವೀಲಿ ಒಂದು ಮಾತು ಹಾಕಿದೀನಿ."

"ನೀನು ಬಿಡು, ಎಲ್ಲರ ಕಿವೀಲೂ ಏನಾದ್ರೂ ಹಾಕ್ತಾನೇ ಇರ್ತೀಯ" ಅಂತ ಅವಳು ನಕ್ಕು ಮೇಜಿಗೆ ಹೋಗಿದ್ದಳು. ಏನು ಹಾಕಿದೆ ಅಂತ ಕೇಳಲಿಲ್ಲ.

ಇವತ್ತು ಬೆಳಗ್ಗೆ ಅಣ್ಣ ಟೀ ಲೋಟ ಹಿಡಿದು ಅವಳ ಕಿಟಕಿಯ ಹೊರಗೆ ಬಂದು ನಿಂತ. ಮೆಟ್ಟಿಲ ಮೇಲೆ ಬೆಕ್ಕೊಂದು ಮುದುಡಿ ಮಲಗಿತ್ತು. ಅದು ಮಷಿನ್ ರೂಮಿನ ಬೆಕ್ಕು, ಹುಟ್ಟಿದಾಗಿನಿಂದ ಅಲ್ಲಿನ ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಬೆಳೆದದ್ದು. ಅಂಗಳ ದಾಟಿ ಈ ಕಡೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ನಿಮ್ಮ ಬೆಕ್ಕಿಗೆ ಅಲ್ಲಿ ಬೇಜಾರಾಯ್ತಾ?" ಅಂದಳು.

"ಬಡ್ತಿ ಸಿಕ್ಕಿದೆ, ಆಫೀಸಿಗೆ ಬಂದಿದೆ" ಅಂದ ಅಣ್ಣ. ಆಮೇಲೆ ದನಿ ತಗ್ಗಿಸಿದ. "ಪುಟ್ಟಿ, ಪೆಟ್ಟಿಗೆಯಿಂದ ಏನಾದ್ರೂ ಮೇಲ್ ಬಂದಿದೆಯಾ ನೋಡು. ನನ್ನ ಫೋನಿಗಂತೂ ಬಂದಿಲ್ಲ. ಈ ಹಾಳು ಫೋನನ್ನ ನಂಬೋಕಾಗಲ್ಲ."

"ಯಾಕೆ? ಏನಾಯ್ತು?"

"ಮಷಿನ್ ಕೆಳಗಿನ ಗುಂಡೀಲಿ ಒಂದು ವಾಲ್ವ್ ಇದೆಯಲ್ಲ, ಅದರ ಹತ್ರ ವಾಸನೆ ಅಂತಾನೆ ದಪ್ಪ. ನಿನ್ನೆಯಿಂದ ಗೊಣಗ್ತಾನೇ ಇದಾನೆ." ದಪ್ಪ ಅಂದರೆ ಅವನ ಜೊತೆಯ ಫಿಟ್ಟರ್, ಹೆಸರಿಗೆ ತಕ್ಕ ಆಳು. "ನನಗೆಲ್ಲಿ ಗೊತ್ತಾಗುತ್ತೆ? ಮ್ಯಾನೇಜರ್‌ಗೆ ಹೇಳಿದೆ. ಮಷಿನ್ ನಿಲ್ಲಿಸಿ ನೋಡೋಣ ಸಾರ್ ಅಂದೆ. ಅಮೋನಿಯಾ ಇರೋ ಕಡೆ ಮಲ್ಲಿಗೆ ವಾಸನೆ ಬರುತ್ತೇನ್ರೀ ಅಂತ ನನಗೇ ಕೇಳ್ತಾರೆ. ಪೆಟ್ಟಿಗೆ ಸುಮ್ನಿದೆ, ನೀವ್ಯಾಕೆ ಕುಣೀತೀರಿ, ಮಧ್ಯಾಹ್ನ ಮಾಲೀಕರು ಬರ್ತಿದಾರೆ, ಮಷಿನ್ ನಿಲ್ಲಿಸೋ ಹಾಗಿಲ್ಲ, ಓಡ್ತಿರೋವಾಗಲೇ ಇಳಿದು ವಾಲ್ವ್ ಬಿಗಿ ಮಾಡಿ ಬನ್ನಿ ಅಂದ್ರು."

ಅವಳು ಇನ್‌ಬಾಕ್ಸ್ ತೆರೆದಳು. ಪೆಟ್ಟಿಗೆಯ ವಿಳಾಸ ಹಾಕಿ ಹುಡುಕಿದಳು. ಕೂರಿಸಿದ ದಿನದ ಪರೀಕ್ಷೆಯ ಮೇಲ್ ಒಂದೇ ಒಂಟಿಯಾಗಿ ಕೂತಿತ್ತು. ಇರಲಿ ಅಂತ ಇನ್ನೊಂದು ಸಲ ಹುಡುಕಿದಳು. ಅಣ್ಣ ಕೇಳಿದ ಅಂದಮೇಲೆ ಕಾಟಾಚಾರಕ್ಕೆ ನೋಡುವವಳಲ್ಲ ಅವಳು.

"ಏನೂ ಬಂದಿಲ್ಲ ಅಣ್ಣ. ಒಂದೂ ಇಲ್ಲ."

"ಸರಿಯಾಗಿ ನೋಡಿದ್ಯಾ?"

"ಎರಡು ಸಲ ನೋಡಿದೆ. ನನ್ನ ಕಣ್ಣು ತಪ್ಪಿಸಿ ಈ ಕಂಪನಿಗೆ ಒಂದು ನೊಣಾನೂ ಬರಲ್ಲ. ಬೇಕಾದ್ರೆ ಗೋಡೆ ನೋಡು."

ಅಣ್ಣ ಕಿಟಕಿಯಿಂದಲೇ ಕೆಂಪು ಕಂಬವನ್ನು ನೋಡಿದ. ಅವನ ಮುಖ ಅರಳಿತು. ತಂಗಿಯ ಬಗ್ಗೆ ಅವನಿಗೆ ಅಷ್ಟು ಹೆಮ್ಮೆ, ಪಾಪ.

"ಹಂಗಾದ್ರೆ ಗ್ಯಾಸಿನ ಮುಖವಾಡದ ಗೋಜು ಬೇಡ ಬಿಡು. ಅದನ್ನ ಹಾಕ್ಕೊಂಡ್ರೆ ಗಾಜೆಲ್ಲ ಮಂಜು ಕಟ್ಟಿ ನಟ್ಟೂ ಕಾಣಲ್ಲ, ಬೋಲ್ಟೂ ಕಾಣಲ್ಲ." ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. "ದಪ್ಪಂದು ಬರೀ ಪುಕ್ಕಲು. ಊಟಕ್ಕೆ ಒಟ್ಟಿಗೆ ಕೂರೋಣ, ಕಾಯ್ತಿರು."

"ಹೋಗು ಅಣ್ಣ, ಧೈರ್ಯವಾಗಿ ಹೋಗು" ಅಂದಳು ಅವಳು. ಹಾಗೆಯೇ ಅಂದಳು.

ಅವನು ಅಂಗಳ ದಾಟಿ ಹೋದ. ಬೆಕ್ಕು ತಲೆ ಎತ್ತಿ ಅವನ ಹಿಂದೆ ನೋಡಿತು, ಎದ್ದು ಹೋಗಲಿಲ್ಲ.

ಲೋಟ ತೆಗೆದು ಒಳಗಿಡುವಷ್ಟರಲ್ಲಿ ಮ್ಯಾನೇಜರ್ ಬಂದ. ಇಸ್ತ್ರಿ ಅಂಗಿ, ಹೊಸ ಟೈ, ಮದುವೆ ಗಂಡಿನ ಗತ್ತು. "ಮೇಡಂ, ಮಾಲೀಕರಿಗೆ ಬರೀ ಕಂಬ ತೋರಿಸಿದ್ರೆ ಸಾಲದು. ನಮ್ಮ ಮೇಲೆ ಇಷ್ಟೊಂದು ದಾಳಿ ಮಾಡ್ತಿರೋರು ಯಾರು? ನಮ್ಮ ನಂಬರ್ ಒನ್ ಶತ್ರು ಯಾರು? ಅದು ಬೇಕು. ದೊಡ್ಡ ಅಕ್ಷರದಲ್ಲಿ ಹಾಕಿ ಪಕ್ಕದಲ್ಲಿ ಅಂಟಿಸಿ."

"ಟೂಲ್ ಬರೀ ಮೊತ್ತ ಕೊಡುತ್ತೆ ಸಾರ್."

"ಕೇಳಿದ್ರೆ ಕೊಡುತ್ತೆ. ಕೇಳಿ."

ಬೇರೆ ದಿನವಾಗಿದ್ದರೆ ಇಂಥ ಮಾತಿಗೆ ಮನಸ್ಸಿನಲ್ಲೇ ನಾಲ್ಕು ಬೈಗುಳ ಬೈದುಕೊಳ್ಳುತ್ತಿದ್ದಳು. ಇವತ್ತು ಅವಳಿಗೂ ಕುತೂಹಲ. ಹಳೆಯ ಎಂಜಿನಿಯರ್ ಬರೆದಿಟ್ಟ ಸಹಾಯದ ಪುಟ ತೆರೆದಳು. ಇತ್ತು ನೋಡಿ, ಸಾಲಿನ ಕೊನೆಗೆ ಇನ್ನೊಂದು ಪದ ಸೇರಿಸಿದರೆ ಕಳುಹಿಸಿದವರ ಪ್ರಕಾರ ಲೆಕ್ಕ ಬಿಡಿಸಿ ಕೊಡುತ್ತಿತ್ತು. ಇಷ್ಟು ದಿನ ಆ ಪದದ ಹತ್ತಿರ ಸುಳಿದಿರಲಿಲ್ಲ. ಮೊದಲ ಸಲ ದಿನಾಂಕವನ್ನು ಹಿಂದುಮುಂದಾಗಿ ಹೊಡೆದು ಟೂಲಿನಿಂದ ಬೈಸಿಕೊಂಡಳು. ಎರಡನೆಯ ಸಲ ಸರಿ ಮಾಡಿ ಎಂಟರ್ ಒತ್ತಿದಳು.

ಸಾಲುಗಳು ಇಳಿದವು. ಹೆಚ್ಚು ತಡೆಸಿಕೊಂಡವನು ಮೇಲೆ, ಕಡಿಮೆಯವನು ಕೆಳಗೆ. ಕೂದಲೆಣ್ಣೆಯವನು ಎಲ್ಲೋ ಕೆಳಗಿದ್ದ. ಮಾತ್ರೆಯವನೂ ಕೆಳಗಿದ್ದ. ಎಲ್ಲರ ತಲೆಯ ಮೇಲೆ, ಯಾರೂ ಹತ್ತಿರಕ್ಕೂ ಬರಲಾಗದಷ್ಟು ದೊಡ್ಡ ಅಂಕಿಯೊಂದಿಗೆ ಒಂದು ವಿಳಾಸ ಕೂತಿತ್ತು. ಈಗ ತಾನೇ ಎರಡು ಸಲ ಅದನ್ನು ತನ್ನ ಕೈಯಾರೆ ಹೊಡೆದಿದ್ದಳು. ಅದು ಪೆಟ್ಟಿಗೆಯ ವಿಳಾಸ.

ಮೊದಲು ಅವಳಿಗೆ ಸಿಟ್ಟು ಬಂತು. ಯಾವನೋ ಕಳ್ಳ ನಮ್ಮ ಪೆಟ್ಟಿಗೆಯ ವೇಷ ಹಾಕಿಕೊಂಡು ಮೇಲ್ ನುಗ್ಗಿಸುತ್ತಿದ್ದಾನೆ, ಎಂಥ ಖದೀಮ! ಮನುಷ್ಯರ ಬುದ್ಧಿಯೇ ಹಾಗೆ. ಮನೆಯಲ್ಲಿ ಏನಾದರೂ ಕಾಣೆಯಾದರೆ ಮೊದಲು ಹೊರಗಿನವರ ಮೇಲೆ ಅನುಮಾನ. ಇರಲಿ, ಯಾವಾಗಿನಿಂದ ಶುರು ಮಾಡಿದ್ದಾನೆ ನೋಡೋಣ ಅಂತ ಅದೊಂದೇ ವಿಳಾಸದ್ದನ್ನು ಗಂಟೆಗಂಟೆಗೆ ಬಿಡಿಸಿ ಕೇಳಿದಳು.

ಮೂರು ದಿನದ ಹಿಂದೆ, ಒಂದು ಗಂಟೆಯಲ್ಲಿ ಇಪ್ಪತ್ತು. ಆಮೇಲೆ ಅರ್ಧ ದಿನ ಏನೂ ಇಲ್ಲ. ಮತ್ತೆ ಇಪ್ಪತ್ತು. ನಿನ್ನೆ ನಲವತ್ತು, ನಲವತ್ತು, ಅರವತ್ತು. ಇವತ್ತು ಬೆಳಗಿನ ಜಾವದಿಂದ ಯಾವ ಗಂಟೆಯೂ ಖಾಲಿ ಬಿಟ್ಟಿರಲಿಲ್ಲ. ಕೆಳಗೆ ಹೋದ ಹಾಗೆಲ್ಲ ಅಂಕಿ ಏರುತ್ತಿತ್ತು, ಎಲ್ಲವೂ ಇಪ್ಪತ್ತರ ಕಟ್ಟು. ಕಳ್ಳರು ಹೀಗೆ ಲೆಕ್ಕ ಹಾಕಿ ಕಟ್ಟು ಕಟ್ಟಿ ಕಳಿಸುವುದಿಲ್ಲ. ಯಾರೋ ಹೇಳಿಕೊಟ್ಟ ಯಂತ್ರ ಮಾತ್ರ ಹಾಗೆ ಕಳಿಸುತ್ತದೆ.

ಪೆಟ್ಟಿಗೆಯವನ ಕಿವೀಲಿ ಒಂದು ಮಾತು ಹಾಕಿದೀನಿ.

ಅಣ್ಣ ಹಾಕಿದ ಮಾತು ಏನು ಅಂತ ಈಗ ಯಾರೂ ಹೇಳಬೇಕಾಗಿರಲಿಲ್ಲ. ಒಂದು ಮೇಲ್ ಕಳಿಸಿದರೆ ಮ್ಯಾನೇಜರ್ ನೋಡುವುದಿಲ್ಲ, ಒಟ್ಟಿಗೆ ಇಪ್ಪತ್ತು ಕಳಿಸು ಅಂದಿದ್ದ. ಅಣ್ಣ ಇಪ್ಪತ್ತು ಮಾಡಿಸಿದ, ಯಾರ ಕಣ್ಣೂ ತಪ್ಪಬಾರದು ಅಂತ. ಅವಳು ಹತ್ತಕ್ಕೆ ಮೇಲ್ಪಟ್ಟದ್ದಕ್ಕೆಲ್ಲ ಚಿಲಕ ಹಾಕಿಸಿದ್ದಳು, ಯಾರ ಕಣ್ಣಿಗೂ ಕಸ ಬೀಳಬಾರದು ಅಂತ. ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಅನ್ನ ಉಣ್ಣುವವರು, ದಿನಕ್ಕೆ ನೂರು ಮಾತಾಡುವವರು, ಇದೊಂದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ತಡೆದವುಗಳ ಕೋಣೆ ತೆರೆದಳು. ಕಸವಲ್ಲ, ಪೆಟ್ಟಿಗೆಯ ಮೇಲ್‌ಗಳೇ ಬಾಗಿಲ ಹಿಂದೆ ಸಾಲುಗಟ್ಟಿ ನಿಂತಿದ್ದವು. ಗುಂಡಿಯಲ್ಲಿ ಅಲ್ಪ ಸೋರಿಕೆ. ಗುಂಡಿಯಲ್ಲಿ ಅಲ್ಪ ಸೋರಿಕೆ. ಸೋರಿಕೆ ಹೆಚ್ಚಾಗಿದೆ, ಪರಿಶೀಲಿಸಿ. ಸೋರಿಕೆ ಅಪಾಯದ ಮಟ್ಟದಲ್ಲಿದೆ, ಗುಂಡಿಗೆ ಯಾರೂ ಇಳಿಯಬೇಡಿ. ಇಳಿಯಬೇಡಿ. ಇಳಿಯಬೇಡಿ. ಇಳಿಯಬೇಡಿ. ಮೂರು ದಿನದಿಂದ ಅದು ಗಂಟಲು ಹರಿದುಕೊಂಡು ಕೂಗುತ್ತಿತ್ತು. ಇವಳು ಆ ಕೂಗನ್ನು ಎಣಿಸಿ, ಕೆಂಪು ಬಣ್ಣ ಬಳಿದು, ಗೋಡೆಗೆ ಅಂಟಿಸಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದಳು.

ಅಣ್ಣನ ಫೋನಿಗೆ ಮಾಡಿದಳು. ರಿಂಗ್ ಆಯಿತು, ಆಗುತ್ತಲೇ ಇತ್ತು, ಎತ್ತಲಿಲ್ಲ. ಮಷಿನ್ ರೂಮಿನೊಳಗೆ ಫೋನು ಒಯ್ಯುವ ಹಾಗಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಒಳಗಿನ ಗೋಡೆಯ ಫೋನಿಗೆ ಮಾಡಿದಳು. ಮಷಿನ್ನಿನ ಆ ಭೋರ್ಗರೆತದಲ್ಲಿ ಯಾರಿಗೆ ಕೇಳಬೇಕು? ಮ್ಯಾನೇಜರ್‌ಗೆ ಮಾಡಿದಳು.

"ಸಾರ್, ಗುಂಡೀಲಿ ಗ್ಯಾಸ್ ಸೋರ್ತಿದೆ. ಮೂರು ದಿನದಿಂದ ಪೆಟ್ಟಿಗೆ ಮೇಲ್ ಕಳಿಸ್ತಿದೆ, ಗೇಟ್‌ವೇ ಎಲ್ಲಾನೂ ತಡೆದಿದೆ. ಮಷಿನ್ ನಿಲ್ಸಿ ಸಾರ್, ಅಣ್ಣನ್ನ ಮೇಲೆ ಕರೀರಿ!"

ಆ ಕಡೆ ನಗು, ಮಾತು, ಕಾರಿನ ಬಾಗಿಲು ಹಾಕಿದ ಸದ್ದು. ಮಾಲೀಕರು ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. "ಮೇಡಂ, ಈಗ ಬೇಡ" ಅಂದ ಮ್ಯಾನೇಜರ್ ಹಲ್ಲಿನ ಸಂದಿಯಲ್ಲಿ.

"ಸಾರ್, ಇಳಿಯಬೇಡಿ ಅಂತ ಬರೆದಿದೆ ಸಾರ್!"

"ಮೂರು ದಿನದಿಂದ ಸೋರ್ತಿದ್ರೆ ನಿಮ್ಮ ಅಣ್ಣನಿಗೇ ಗೊತ್ತಾಗ್ತಿರಲಿಲ್ವೇನ್ರೀ? ಪೆಟ್ಟಿಗೆ ಕೆಟ್ಟಿರಬೇಕು. ಊಟ ಆದ್ಮೇಲೆ ನೋಡೋಣ." ಫೋನು ಕಟ್ಟಾಯಿತು.

ಇಂಥವರ ಬಾಯಿಗೆ ಏನು ಹಾಕಬೇಕೋ ಗೊತ್ತಿಲ್ಲ. ಅವಳಿಗೆ ಬೈಯುವುದಕ್ಕೂ ಹೊತ್ತಿರಲಿಲ್ಲ. ಕೋಣೆಯಲ್ಲಿದ್ದ ಪೆಟ್ಟಿಗೆಯ ಮೇಲ್‌ಗಳನ್ನೆಲ್ಲ ಆರಿಸಿ, ಬಿಡುಗಡೆಯ ಬಟನ್ ಒತ್ತಿದಳು. ಮ್ಯಾನೇಜರ್‌ನ ಜೇಬಿನಲ್ಲಿ ಮಾಲೀಕರ ಎದುರೇ ಟಿಂಗ್ ಟಿಂಗ್ ಅನ್ನಲಿ, ಆಗಲಾದರೂ ಮಷಿನ್ ನಿಲ್ಲಿಸಿಯಾನು ಅನ್ನುವ ಆಸೆ. ಕುರ್ಚಿ ಹಿಂದಕ್ಕೆ ಬಿದ್ದದ್ದನ್ನೂ ನೋಡದೆ ಓಡಿದಳು.

ಮೆಟ್ಟಿಲ ಮೇಲೆ ಬೆಕ್ಕು ಇರಲಿಲ್ಲ.

ಅಂಗಳದ ಉದ್ದಕ್ಕೂ ಲಾರಿಗಳು ನಿಂತಿದ್ದವು. ಸಂದಿಯಲ್ಲಿ ನುಸುಳಿ, ಒಂದು ಚಪ್ಪಲಿ ಕಳೆದುಕೊಂಡು, "ಅಣ್ಣಾ, ಅಣ್ಣಾ" ಅಂತ ಕೂಗುತ್ತ ಓಡಿದಳು. ಲೋಡು ಹೊರುವವರು ಕೆಲಸ ನಿಲ್ಲಿಸಿ ನೋಡಿದರು. ಅರ್ಧ ಅಂಗಳ ದಾಟುವಾಗ ಅವಳ ಮೂಗಿಗೆ ವಾಸನೆ ಬಡಿಯಿತು. ವಾಸನೆ ಅನ್ನುವುದೇ ಸುಳ್ಳು, ಅದು ಮೂಗಿನೊಳಗೆ ಸೂಜಿ ಚುಚ್ಚಿದ ನೋವು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಮಷಿನ್ ರೂಮಿನ ಬಾಗಿಲ ಕೆಳಗಿನ ಸಂದಿಯಿಂದ ಬಿಳಿಯ ಮಂಜಿನಂಥದ್ದು ನೆಲಕ್ಕೆ ಅಂಟಿಕೊಂಡು ಹೊರಗೆ ಹರಿಯುತ್ತಿತ್ತು.

ದಪ್ಪ ಹೊರಗೆ ಮಂಡಿಯೂರಿ ಕೂತಿದ್ದ. ಕಣ್ಣು ಬಿಡಲಾಗುತ್ತಿರಲಿಲ್ಲ, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು.

"ಅಣ್ಣ ಎಲ್ಲಿ?"

"ಸ್ಪ್ಯಾನರ್ ಇಟ್ಟಿದ್ದಷ್ಟೇ ಕಣಮ್ಮ, ವಾಲ್ವ್ ಕಿತ್ಕೊಂಡು ಬಂತು" ಅಂದ ಅವನು, ಕೆಮ್ಮಿನ ನಡುವೆ. "ಮುಖವಾಡ ಹಾಕ್ಕೋ ಮೇಸ್ತ್ರಿ ಅಂತ ಬಡ್ಕೊಂಡೆ. ನನ್ನ ತಂಗಿ ಎರಡು ಸಲ ನೋಡಿದಾಳೆ ಕಣೋ, ಏನೂ ಇಲ್ಲ ಅಂದ."

ಅವಳು ಬಾಗಿಲಿಗೆ ನುಗ್ಗಿದಳು. ಗೇಟು ಕಾಯುವ ತಾತ ಹಿಂದಿನಿಂದ ಬಂದು ಎರಡೂ ತೋಳು ಹಿಡಿದುಕೊಂಡ. ಅಷ್ಟು ವಯಸ್ಸಾದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಕಚ್ಚಿದಳು, ಒದ್ದಳು, "ಬಿಡು ತಾತ, ನಿನ್ನ ಕಾಲಿಗೆ ಬೀಳ್ತೀನಿ ಬಿಡು" ಅಂತ ಅತ್ತಳು. ಅವನು ಬಿಡಲಿಲ್ಲ. "ಒಳಗೆ ಹೋದ್ರೆ ಇಬ್ರು ಆಗ್ತೀರ ಮಗಳೇ" ಅನ್ನುತ್ತಲೇ ಇದ್ದ. ಯಾರೋ ಹೊರಗಿನ ಮೇನ್ ಸ್ವಿಚ್ ಎಳೆದು ಮಷಿನ್ ನಿಲ್ಲಿಸಿದರು. ಇಷ್ಟು ವರ್ಷ ಆ ಅಂಗಳದಲ್ಲಿ ನಿಲ್ಲದೆ ಕೇಳುತ್ತಿದ್ದ ಭೋರ್ಗರೆತ ಸಟ್ಟನೆ ನಿಂತಿತು. ಆಗ ಅದು ಕೇಳಿಸಿತು.

ಟಿಂಗ್.

ಬಾಗಿಲ ಪಕ್ಕದ ಮೊಳೆಗೆ ಅಣ್ಣನ ಅಂಗಿ ತೂಗುಹಾಕಿತ್ತು. ಕೆಲಸಕ್ಕೆ ಇಳಿಯುವ ಮೊದಲು ದಿನಾ ಅಲ್ಲೇ ಬಿಚ್ಚಿ ಹಾಕುತ್ತಿದ್ದ, ಕಾಲರು ಕೊಳೆಯಾದರೆ ಅತ್ತಿಗೆ ಬೈಯುತ್ತಾಳೆ ಅಂತ. ಅಂಗಿಯ ಜೇಬಿನಲ್ಲಿ ಫೋನು ಮಿನುಗುತ್ತಿತ್ತು.

ಟಿಂಗ್. ಟಿಂಗ್. ಟಿಂಗ್.

ತಾತ ಹಿಡಿತ ಸಡಿಲಿಸಿದ, ಅವಳು ಬಾಗಿಲಿಗೆ ಹೋಗಲಿಲ್ಲ. ಮೊಳೆಯ ಹತ್ತಿರ ಹೋಗಿ ಫೋನು ತೆಗೆದಳು. ಮೂರು ದಿನ ಚಿಲಕದ ಹಿಂದೆ ನಿಂತಿದ್ದವು ಈಗ ಒಂದರ ಹಿಂದೆ ಒಂದು ಒಳಗೆ ಬರುತ್ತಿದ್ದವು, ಮೊದಲು ಬರೆದದ್ದು ಮೊದಲು. ಗುಂಡಿಯಲ್ಲಿ ಅಲ್ಪ ಸೋರಿಕೆ. ಸೋರಿಕೆ ಹೆಚ್ಚಾಗಿದೆ. ಪ್ರತಿಯೊಂದೂ ಇಪ್ಪತ್ತು ಸಲ, ಅಣ್ಣ ಹೇಳಿದ್ದಂತೆಯೇ, ಯಾರೂ ನುಣುಚಿಕೊಳ್ಳಲು ಆಗದಂತೆ.

ಮುಖವಾಡ ಹಾಕಿಕೊಂಡ ಇಬ್ಬರು ಒಳಗೆ ಹೋದರು. ಎಷ್ಟೋ ಹೊತ್ತಾದ ಮೇಲೆ ಅವನನ್ನು ಹೊತ್ತು ತಂದು ಸಿಮೆಂಟಿನ ಮೇಲೆ ಮಲಗಿಸಿದರು. ದಪ್ಪ ತೆವಳಿಕೊಂಡು ಹೋಗಿ ಪೈಪ್ ಹಿಡಿದು ಅವನ ಮುಖಕ್ಕೆ, ಕಣ್ಣಿಗೆ, ಬಾಯಿಗೆ ನೀರು ಬಿಟ್ಟ. "ಏಳೋ ಮೇಸ್ತ್ರಿ, ಏಳೋ, ಪುಕ್ಕಲ ಅಂತ ಬೈಯೋ" ಅಂತ ಅಳುತ್ತ ನೀರು ಬಿಡುತ್ತಲೇ ಇದ್ದ. ಅಂಗಳದ ಆ ತುದಿಯಿಂದ ಮ್ಯಾನೇಜರ್ ಓಡಿ ಬರುತ್ತಿದ್ದ. ಅವನ ಟೈ ಹೆಗಲ ಮೇಲೆ ಹಾರಿತ್ತು, ಕೈಯಲ್ಲಿ ಫೋನಿತ್ತು. ಅದೂ ಟಿಂಗ್ ಅನ್ನುತ್ತಿತ್ತು.

"ಈಗ ಬರ್ತೀಯಾ?" ಅಂತ ಅವಳು ಕೈಯಲ್ಲಿದ್ದ ಫೋನಿಗೆ ಕಿರುಚಿದಳು. "ಎಲ್ಲ ಆದ್ಮೇಲೆ ಈಗ ಬರ್ತೀಯಾ?"

ಫೋನು ಮತ್ತೊಂದನ್ನು ತೋರಿಸಿತು. ಗುಂಡಿಗೆ ಯಾರೂ ಇಳಿಯಬೇಡಿ. ಪಕ್ಕದಲ್ಲಿ ಅದು ಹೊರಟ ಸಮಯವಿತ್ತು, ಇವತ್ತು ಬೆಳಗ್ಗಿನದು. ಅಣ್ಣ ಟೀ ಲೋಟ ಹಿಡಿದು ಅವಳ ಕಿಟಕಿಯ ಹೊರಗೆ ನಿಂತಿದ್ದ ಹೊತ್ತು. ಅವಳು ಎರಡನೆಯ ಸಲ ಹುಡುಕಿ, ಒಂದೂ ಇಲ್ಲ ಅಂದ ಹೊತ್ತು.

ದಪ್ಪ ನಲ್ಲಿ ನಿಲ್ಲಿಸಿದ. ಪೈಪನ್ನು ಪಕ್ಕಕ್ಕಿಟ್ಟು, ಒದ್ದೆ ಕೈಯಲ್ಲಿ ಅಣ್ಣನ ಕಣ್ಣಿನ ರೆಪ್ಪೆ ಮುಚ್ಚಿದ. ಅವಳು ಒಂದೇ ಚಪ್ಪಲಿಯಲ್ಲಿ ನಿಂತಿದ್ದಳು. ಅವಳ ಮುಷ್ಟಿಯೊಳಗೆ ಫೋನು ಅದೇ ಮಾತನ್ನು ಇನ್ನೂ ಹೇಳುತ್ತಿತ್ತು, ಇಪ್ಪತ್ತು ಮುಗಿದಿರಲಿಲ್ಲ.